ಪಾಳಿ ಅಕ್ಕನ ಗೋಡೆ, ನಮ್ಮ ಆ್ಯಪ್

ಯುಗಾದಿ ಮುಗಿದ ವಾರ ಕುಂದಗೋಳ ತಾಲೂಕಿನ ಒಂದು ಊರಿನಿಂದ ಫೋನ್ ಬಂತು. ಕುಬಿಹಾಳ ದಾಟಿ ಇನ್ನೊಂದಿಷ್ಟು ಒಳಗೆ ಹೋದರೆ ಸಿಗುವ ಊರು. ಅಲ್ಲಿನ ರೈತರು ಕೂಡಿ ಒಂದು ಸಂಘ ಮಾಡಿಕೊಂಡಿದ್ದರು. ಸಂಘದ ಹತ್ತಿರ ಮೂರು ಟ್ರ್ಯಾಕ್ಟರ್, ನಾಲ್ಕು ಕೂರಿಗೆ, ಎರಡು ರೋಟಾವೇಟರ್, ಒಂದು ಒಕ್ಕುವ ಮಷಿನ್ ಇದ್ದವು. ಸದಸ್ಯರು ಬೇಕಾದಾಗ ಬಾಡಿಗೆಗೆ ಒಯ್ಯುತ್ತಿದ್ದರು. ಫೋನ್ ಮಾಡಿದವರು ಸಂಘದ ಅಧ್ಯಕ್ಷರು.

“ನಮಗೊಂದು ಆ್ಯಪ್ ಬೇಕಾಗೇತ್ರಿ. ಬೆರಳ ಒತ್ತಿದ್ರ ಟ್ರ್ಯಾಕ್ಟರ್ ಹೊಲಕ್ಕ ಬಂದ ನಿಲ್ಲಬೇಕು, ಅಷ್ಟ.”

‘ಅಷ್ಟ’ ಅನ್ನುವ ಮಾತು ಕೇಳಿದ ಕೂಡಲೇ ನನಗೆ ಸುಸ್ತಾಗುತ್ತದೆ. ಇಷ್ಟು ವರ್ಷಗಳಲ್ಲಿ ‘ಅಷ್ಟ’ ಎಂದು ಶುರುವಾದ ಯಾವ ಕೆಲಸವೂ ಅಷ್ಟಕ್ಕೇ ಮುಗಿದದ್ದನ್ನು ನಾನು ಕಂಡಿಲ್ಲ. ಆದರೂ ಹೂಂ ಅಂದೆ.

ನಮ್ಮ ಸ್ಟುಡಿಯೋ ಇರುವುದು ಅಣ್ಣಿಗೇರಿಯಲ್ಲಿ, ಕಾಳಿನ ಅಂಗಡಿಯೊಂದರ ಮೇಲಿನ ಮಾಳಿಗೆಯಲ್ಲಿ. ಕೆಳಗೆ ಕಡಲೆ ಚೀಲ ಎತ್ತಿ ಹಾಕಿದರೆ ಮೇಲೆ ನಮ್ಮ ಕಂಪ್ಯೂಟರಿನ ಮೇಲೆ ಧೂಳು ಕೂರುತ್ತದೆ. ಸ್ಟುಡಿಯೋ ಎಂದರೆ ಇಬ್ಬರು. ಪರದೆಯ ಮೇಲೆ ಏನು ಎಲ್ಲಿ ಕಾಣಬೇಕು, ಏನು ಒತ್ತಿದರೆ ಏನಾಗಬೇಕು ಎಂದು ಬರೆದುಕೊಡುವವನು ನಾನು. ಅದನ್ನು ಕೋಡ್ ಬರೆದು ನಡೆಸುವವಳು ನವಲಗುಂದದಿಂದ ದಿನಾ ಬಸ್ಸಿಗೆ ಬರುವ ಒಬ್ಬ ಹೆಣ್ಣುಮಗಳು. ಅವಳ ತಂದೆ ಸಾಲಿ ಮಾಸ್ತರರು, ಅದಕ್ಕೋ ಏನೋ ನನ್ನ ತಪ್ಪುಗಳನ್ನು ಕೆಂಪು ಪೆನ್ನಿನಲ್ಲಿ ತಿದ್ದಿಯೇ ಕೊಡುತ್ತಾಳೆ. ಮೊದಲು ನಾನು ಫ್ಲೆಕ್ಸ್ ಬ್ಯಾನರ್ ಮಾಡುತ್ತಿದ್ದೆ. ಈಗಲೂ ಮಂದಿ ಮೆಟ್ಟಿಲು ಹತ್ತಿ ಬಂದು ಹುಟ್ಟುಹಬ್ಬದ ಬ್ಯಾನರ್ ಕೇಳುತ್ತಾರೆ, ಇಲ್ಲ ಎಂದರೆ ಮುಖ ಸಣ್ಣದು ಮಾಡಿಕೊಂಡು ಇಳಿದು ಹೋಗುತ್ತಾರೆ.

ಮೊದಲ ಸಭೆಗೆ ಇಬ್ಬರೂ ಹೋದೆವು. ರೈಲಿನಲ್ಲಿ ಹುಬ್ಬಳ್ಳಿ, ಅಲ್ಲಿಂದ ಕುಂದಗೋಳಕ್ಕೆ ಬಸ್ಸು, ಮುಂದೆ ಟಂಟಂ ಆಟೋ. ಸಂಘದ ಆಫೀಸು ಅಂದರೆ ಒಂದು ದೊಡ್ಡ ಖೋಲಿ. ಒಳಗೆ ಹೋಗುತ್ತಲೇ ಕಣ್ಣಿಗೆ ಬಿದ್ದದ್ದು ಎದುರಿನ ಗೋಡೆ. ನೆಲದಿಂದ ಆಳೆತ್ತರದವರೆಗೆ ಕರಿ ಬಣ್ಣ ಬಳಿದು ಹಲಗೆ ಮಾಡಿದ್ದರು. ಅದರ ತುಂಬ ಸುಣ್ಣದ ಕಡ್ಡಿಯಲ್ಲಿ ಹೆಸರುಗಳು. ಕೆಲವಕ್ಕೆ ಕೆಳಗೆ ಗೆರೆ, ಕೆಲವಕ್ಕೆ ಬಾಜು ಚುಕ್ಕೆ. ಗೋಡೆಯ ಮುಂದಿನ ಕುರ್ಚಿಯಲ್ಲಿ ನಲವತ್ತೈದು ದಾಟಿದ ಒಬ್ಬ ಹೆಣ್ಣುಮಗಳು ಫೋನ್ ಕಿವಿಗಿಟ್ಟುಕೊಂಡು ಕೂತಿದ್ದರು. ಸಂಘದ ಗುಮಾಸ್ತೆ. ಯಾರಿಗೆ ಯಾವಾಗ ಯಂತ್ರ ಹೋಗಬೇಕು ಎನ್ನುವ ಪಾಳಿ ಹಚ್ಚುವವರು ಅವರೇ, ಹೀಗಾಗಿ ಊರಿಗೆಲ್ಲ ‘ಪಾಳಿ ಅಕ್ಕ’.

ಅಧ್ಯಕ್ಷರು ಕೆಟ್ಟವರಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಅವರಿಗೆ ಸಾಕಾಗಿತ್ತು. ಬಿತ್ತಿಗೆಯ ಕಾಲ ಬಂದರೆ ಸಾಕು, ‘ಅಕ್ಕ ತನ್ನವರಿಗೆ ಮೊದಲು ಕಳಿಸಿದಳು’ ಎಂದು ನಾಲ್ಕು ಮಂದಿಯಾದರೂ ಅವರ ಮನೆ ಬಾಗಿಲಿಗೆ ಬಂದು ಒದರಾಡುತ್ತಿದ್ದರಂತೆ.

“ಕಂಪ್ಯೂಟರ್ ಹೇಳೇತಿ ಅಂದ್ರ ಯಾರೂ ಬಾಯಿ ಮಾಡಂಗಿಲ್ರಿ. ಎಲ್ಲಾ ತಾನ ತಾನ ನಡೀಬೇಕು. ಅಕ್ಕಾರೂ ಹನ್ನೊಂದ ವರ್ಷ ದುಡದಾರ, ದೀಪಾವಳಿ ಮುಂದ ಅವರನ್ನೂ ಈ ಕಷ್ಟದಿಂದ ಬಿಡಿಸೂಣು.”

ಅಕ್ಕ ಅಲ್ಲೇ ಇದ್ದರು. ಫೋನ್ ಕಿವಿಯಿಂದ ಇಳಿಸಲಿಲ್ಲ. ಆದರೆ ಆ ಕಡೆಯವರು ಏನೋ ಕೇಳಿದ್ದಕ್ಕೆ ಎರಡು ಸಲ “ಆಂ? ಆಂ?” ಅಂದರು.

ಕೆಲಸ ಶುರುಮಾಡುವ ಮುಂಚೆ ನಾವು ಒಂದು ಹಾಳೆ ತುಂಬಿಸಿಕೊಳ್ಳುತ್ತೇವೆ. ಸಂಸ್ಥೆಯ ಹೆಸರು, ಎಷ್ಟು ಮಂದಿ ಬಳಸುತ್ತಾರೆ, ಯಾವ ಯಾವ ಫೋನು, ಖಾತೆಯ ಮಾಲೀಕರ ನಂಬರು. ನಂಬರಿನ ಸಾಲಿಗೆ ಬಂದಾಗ ಅಧ್ಯಕ್ಷರು ಕೈ ಅಲ್ಲಾಡಿಸಿದರು.

“ನಂದ ಬ್ಯಾಡ್ರಿ, ದಿನಾ ನೂರ ಮಂದಿ ಕರದ ತಲಿ ತಿಂತಾರ. ಅಕ್ಕಾರ್ದ ಬರಕೋರಿ. ಹೆಂಗೂ ಎಲ್ಲಾರ ಹತ್ರನೂ ಅದ ಐತಿ.”

ಸಂಘಕ್ಕೆ ಅಂತ ಬೇರೆ ಫೋನೇ ಇರಲಿಲ್ಲ. ಹನ್ನೊಂದು ವರ್ಷದಿಂದ ಅಕ್ಕನ ಸ್ವಂತ ನಂಬರೇ ಸಂಘದ ನಂಬರು. ನಾನು ಬರೆದುಕೊಂಡೆ. ಅಧ್ಯಕ್ಷರು ಸಹಿ ಹಾಕಿದರು.

ನಾವು ಮೊದಲು ಕಾಗದದ ಮೇಲೆ ಪರದೆಗಳನ್ನು ಬರೆಯುತ್ತೇವೆ. ಫೋನಿನ ಅಳತೆಗೆ ಕತ್ತರಿಸಿದ ರಟ್ಟು, ಅದರ ಮೇಲೆ ಪೆನ್ಸಿಲ್. ಎಷ್ಟು ಸಲ ಒತ್ತಿದರೆ ಕೆಲಸ ಮುಗಿಯುತ್ತದೆ ಎಂದು ಎಣಿಸುತ್ತೇವೆ. ಇದು ನಾಲ್ಕು ಒತ್ತಿನಲ್ಲಿ ಮುಗಿಯಿತು: ಯಂತ್ರ ಆರಿಸು, ಎಕರೆ ಹಾಕು, ಕ್ಯಾಲೆಂಡರಿನಲ್ಲಿ ದಿನ ಆರಿಸು, ಸರಿ ಅನ್ನು. ಇಷ್ಟು ಸಲೀಸಾದ ಕೆಲಸ ನಾನು ಮಾಡೇ ಇಲ್ಲವಲ್ಲ ಎಂದು ಒಳಗೊಳಗೇ ಉಬ್ಬಿದೆ. ಬಸ್ಸಿನ ಸೀಟಿಗೆ, ದವಾಖಾನೆಯ ಚೀಟಿಗೆ, ಎಲ್ಲದಕ್ಕೂ ಜಗತ್ತು ಹೀಗೇ ದಿನ ಆರಿಸುತ್ತದಲ್ಲ.

ತೊಡಕು ಬಂದದ್ದು ಬೇರೆ ಕಡೆಯಿಂದ. ಆ್ಯಪ್ ತೆರೆದ ಕೂಡಲೇ ಹನ್ನೊಂದು ಮಂದಿ ನಿರ್ದೇಶಕರ ಫೋಟೋ ಕಾಣಬೇಕು ಎಂದು ಮಂಡಳಿ ಠರಾವು ಮಾಡಿತು. ನಾನು ಫ್ಲೆಕ್ಸನ್ನು ಬಿಟ್ಟರೂ ಫ್ಲೆಕ್ಸ್ ನನ್ನನ್ನು ಬಿಡುವ ಹಾಗಿಲ್ಲ ಅನ್ನುವುದು ಅಲ್ಲಿಗೆ ಗೊತ್ತಾಯಿತು. ಒಬ್ಬರ ಫೋಟೋ ಮದುವೆಯದು, ಒಬ್ಬರದು ಆಧಾರ್ ಕಾರ್ಡಿನದು. ಇನ್ನೊಬ್ಬರು ಮೂರು ಫೋಟೋ ಕಳಿಸಿ, ಆಮೇಲೆ ರುಮಾಲು ಸುತ್ತಿಕೊಂಡು ನಾಲ್ಕನೆಯದು ಕಳಿಸಿದರು. ಎಲ್ಲರ ತಲೆಯೂ ಒಂದೇ ಗಾತ್ರ ಇರಬೇಕು, ಅಧ್ಯಕ್ಷರದು ಮಾತ್ರ ಒಂದು ಕೈ ದೊಡ್ಡದು. ಮೂರು ವಾರ ಅದರಲ್ಲೇ ಹೋಯಿತು. ಕೋಡ್ ಬರೆಯುವಾಕೆ ಹೊಲದ ದಾರಿಯಲ್ಲಿ ನಿಂತು ಪರೀಕ್ಷೆ ಮಾಡಿದರೆ ಆ್ಯಪ್ ತೆರೆಯಲು ಒಂದು ನಿಮಿಷ ಹಿಡಿಯಿತು. ಅಲ್ಲಿ ಸಿಗ್ನಲ್ಲೇ ಬಡಕಲು, ಅದರ ಮೇಲೆ ಹನ್ನೊಂದು ಮಂದಿಯ ಭಾರ. ಫೋಟೋಗಳನ್ನು ಕುಗ್ಗಿಸಿ ಕುಗ್ಗಿಸಿ ಅಂತೂ ದಡ ಮುಟ್ಟಿಸಿದಳು.

ಮೇ ತಿಂಗಳ ನಡುವೆ ಮಂಡಳಿಗೆ ತೋರಿಸಿದೆವು. ಚಪ್ಪಾಳೆ ಹೊಡೆದರು. ಮರುದಿನದಿಂದಲೇ ಸದಸ್ಯರು ಮುಂಗಾರಿ ಹೆಸರುಕಾಳು ಬಿತ್ತಲು ದಿನ ಆರಿಸತೊಡಗಿದರು. ವಾರ ಕಳೆಯುವಷ್ಟರಲ್ಲಿ ಕ್ಯಾಲೆಂಡರು ತುಂಬಿತು. ಒಂದು ಮುಂಜಾನೆ ಕೋಡ್ ಬರೆಯುವಾಕೆ ನನ್ನನ್ನು ಕರೆದಳು.

“ಸರ, ಎಲ್ಲೋ ತಪ್ಪೈತ್ರಿ. ಸೋಮವಾರದ ಸಾಲು ಪೂರಾ ಖಾಲಿ. ನಾಲ್ಕೂ ಸೋಮವಾರ. ಮತ್ತ ಈ ಒಂದು ಬುಧವಾರನೂ ಖಾಲಿ.”

ಒಂದು ಇಡೀ ದಿನ ಅವಳು ಕೋಡಿನಲ್ಲಿ ಆ ತಪ್ಪನ್ನು ಹುಡುಕಿದಳು. ಸಂಜೆ ನಾನು ಚಹಾ ಕುಡಿಯಲು ಕೆಳಗಿಳಿದವನು ಕಾಳಿನ ಅಂಗಡಿಯ ಕ್ಯಾಲೆಂಡರ್ ನೋಡುತ್ತ ನಿಂತೆ. ಆ ಬುಧವಾರ ಅಮಾವಾಸ್ಯೆ. ಸೋಮವಾರ ಬಸವಣ್ಣನ ವಾರ, ನಮ್ಮ ಕಡೆ ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ. ಈಗ ಎತ್ತಿನ ಜಾಗಕ್ಕೆ ಟ್ರ್ಯಾಕ್ಟರ್ ಬಂದರೂ ಎಷ್ಟೋ ಮನೆಗಳಲ್ಲಿ ಅಂದು ಅದರ ಕೀಲಿ ತಿರುಗಿಸುವುದಿಲ್ಲ. ನನ್ನ ಅಪ್ಪನೂ ಹೂಡುತ್ತಿರಲಿಲ್ಲ. ಹುಟ್ಟಿದಾಗಿನಿಂದ ಗೊತ್ತಿದ್ದ ಸಂಗತಿ ಕಂಪ್ಯೂಟರ್ ಮುಂದೆ ಕೂತಾಗ ನನಗೆ ಹೊಳೆಯಲೇ ಇಲ್ಲ. ನಾಚಿಕೆಯಾಯಿತು. ಆದರೆ ನಿಜವಾದ ತಪ್ಪು ಇದಕ್ಕಿಂತ ದೊಡ್ಡದಿತ್ತು, ಅದು ಆಗಲೂ ಹೊಳೆಯಲಿಲ್ಲ.

ಎಲ್ಲರೂ ಪಂಚಾಂಗ ನೋಡಿ ಒಳ್ಳೆಯ ದಿನ ಹಿಡಿದಿದ್ದರು. ಆ ಒಳ್ಳೆಯ ದಿನಗಳು ಒಂದೊಂದಾಗಿ ಬಂದು ಹೋದವು, ಮಳೆ ಬರಲಿಲ್ಲ. ಒಣ ಮಣ್ಣಿನಲ್ಲಿ ಯಾರು ಬಿತ್ತುತ್ತಾರೆ? ದಿನ ದಾಟಿದವರಿಗೆಲ್ಲ ನಮ್ಮ ಆ್ಯಪ್ ಕೆಂಪು ಅಕ್ಷರದಲ್ಲಿ ‘ನಿಮ್ಮ ಅವಧಿ ಮುಗಿದಿದೆ’ ಎಂದು ಸುದ್ದಿ ಕಳಿಸಿತು. ಒಬ್ಬ ಹಿರಿಯರು ಫೋನ್ ಹಿಡಿದುಕೊಂಡು ಸಂಘದ ಆಫೀಸಿಗೆ ಬಂದು, “ನನ್ನ ಅವಧಿ ಮುಗದೈತಂತ. ನಾ ಇನ್ನೂ ಉಣ್ಣಾಕತ್ತೀನಲ್ಲವಾ?” ಎಂದು ಅಕ್ಕನನ್ನು ಕೇಳಿದರಂತೆ. ಇದನ್ನು ನನಗೆ ಹೇಳುವಾಗ ಅಧ್ಯಕ್ಷರು ನಗಲಿಲ್ಲ.

ಜೂನಿನ ಒಂದು ಶನಿವಾರ ಸಂಜೆ ಮಳೆ ಹೊಡೆಯಿತು. ಮಂಗಳವಾರದ ಹೊತ್ತಿಗೆ ಊರಿಗೆ ಊರೇ ಬಿತ್ತಲು ನಿಂತಿತ್ತು. ಕ್ಯಾಲೆಂಡರಿನಲ್ಲಿ ಮಾತ್ರ ಆ ವಾರ ಬೇರೆ ಯಾರದೋ ಹೆಸರಿನಲ್ಲಿ ತುಂಬಿತ್ತು, ಅವರ ಹೊಲ ಇನ್ನೂ ಬಿತ್ತಲಾಗದಷ್ಟು ಹಸಿ. ಆ್ಯಪ್ ಒತ್ತಿ ಒತ್ತಿ ಸೋತ ಮಂದಿ ಹಳೆಯ ನಂಬರಿಗೆ ಫೋನ್ ಮಾಡಿದರು. ಅಕ್ಕ ಗೋಡೆಯನ್ನು ಒದ್ದೆ ಅರಿವೆಯಿಂದ ಒರೆಸಿ, ಸುಣ್ಣದ ಕಡ್ಡಿ ಹಿಡಿದು, ಆರು ದಿನದಲ್ಲಿ ಬಿತ್ತಿಗೆ ಮುಗಿಸಿಕೊಟ್ಟರು.

“ನಿಮ್ಮ ಆ್ಯಪು ನೀರಾಗ ಹೋತ್ರಿ ಸಾಹೇಬ್ರ” ಎಂದರು ಅಧ್ಯಕ್ಷರು.

ಮಂದಿಗೆ ಬಳಸಲು ಬರಲಿಲ್ಲ, ಅವರು ಕಾಲಕ್ರಮೇಣ ಕಲಿಯುತ್ತಾರೆ ಎಂದೇನೋ ನಾನು ವಾದಿಸಿದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಹಾಗೆ. ಫೋನ್ ಇಟ್ಟ ಮೇಲೆ ಕೋಡ್ ಬರೆಯುವಾಕೆ ಮೆಲ್ಲಗೆ, “ಸರ, ನಾವು ಒಮ್ಮೆ ಆ ಅಕ್ಕಾರ್ನ ಕೇಳಬೇಕಿತ್ತು” ಅಂದಳು. ಎರಡು ತಿಂಗಳಲ್ಲಿ ನಾನು ಅಧ್ಯಕ್ಷರನ್ನು ಕೇಳಿದ್ದೆ, ಮಂಡಳಿಯನ್ನು ಕೇಳಿದ್ದೆ. ಗೋಡೆಯ ಮುಂದೆ ಕೂತವರನ್ನು ಒಂದು ಮಾತೂ ಕೇಳಿರಲಿಲ್ಲ.

ಜುಲೈಯಲ್ಲಿ ನಾಲ್ಕು ದಿನ ಹೋಗಿ ಅಕ್ಕನ ಬಾಜು ಕೂತೆ. ಬೆನ್ನು ನೋವು, ಮೂರು ಬಂಡಿ ಬದಲಿಸಿ ಹೋಗಿಬರುವ ದಣಿವು, ಇದನ್ನೆಲ್ಲ ಬಿಟ್ಟು ಮತ್ತೆ ಬ್ಯಾನರ್ ಮಾಡಲೇ ಅನ್ನುವ ವಿಚಾರ, ಎಲ್ಲ ಜೊತೆಗಿದ್ದವು. ಅಕ್ಕ ಮೊದಲ ದಿನ ತಮ್ಮ ಕೆಲಸದಲ್ಲೇ ಇದ್ದರು. ಹತ್ತಿ, ಗೋವಿನಜೋಳದ ಬಿತ್ತಿಗೆಗೆ ಫೋನ್ ಬಂದರೆ ಎತ್ತುವುದು, ಒಂದೇ ಪ್ರಶ್ನೆ ಕೇಳುವುದು.

“ಹಲೋ, ಕಾಕಾರ, ನಿಮ್ಮ ಹೊಲದಾಗ ಕಾಲಿಟ್ರ ಮಣ್ಣ ಹತ್ತತೈತೇನ್ರಿ?”

ಕಾಲಿಗೆ ಮಣ್ಣು ಮೆತ್ತಿದರೆ ಹೊಲ ಇನ್ನೂ ಹಸಿ, ಹದ ಬಂದಿಲ್ಲ. ಆಗ ಅವರ ಹೆಸರಿನ ಕೆಳಗೆ ಗೆರೆ ಎಳೆದು ಮುಂದಿನವರಿಗೆ ಫೋನ್ ಮಾಡುತ್ತಿದ್ದರು. ಗೆರೆ ಎಂದರೆ ಪಾಳಿ ಹೋಯಿತು ಅಂತಲ್ಲ, ಪಾಳಿ ಕಾಯುತ್ತಿದೆ ಅಂತ. ಹದ ಬಂದ ಕೂಡಲೇ ಅವರೇ ಮೊದಲು. ಕೆಂಪು ಮಣ್ಣಿನ ಮಸಾರಿ ಹೊಲ ಮಳೆಯ ಮರುದಿನವೇ ಹದಕ್ಕೆ ಬರುತ್ತದೆ, ಕರಿ ಮಣ್ಣಿನ ಎರೆ ಹೊಲಕ್ಕೆ ಮೂರು ದಿನ ಬೇಕು, ಹಳ್ಳದ ದಂಡೆಯದಕ್ಕೆ ಐದು. ಚುಕ್ಕೆ ಇದ್ದರೆ ಸೋಮವಾರ ಬ್ಯಾಡ ಅನ್ನುವ ಮನೆ. ಒಂದೇ ದಾರಿಯ ಎರಡು ಸಣ್ಣ ಹೊಲಗಳಿದ್ದರೆ ಒಂದರ ಹಿಂದೆ ಒಂದು, ಟ್ರ್ಯಾಕ್ಟರ್ ಸುಮ್ಮನೆ ಓಡಾಡಬಾರದು. ಇನ್ನೂರು ಚಿಲ್ಲರೆ ಹೊಲಗಳು ಅವರ ತಲೆಯಲ್ಲಿದ್ದವು.

ಅಂದರೆ ನಾವು ಕಟ್ಟಿದ್ದೇ ತಲೆಕೆಳಗು. ಇಲ್ಲಿ ದಿನವನ್ನು ಆರಿಸುವವನು ರೈತನಲ್ಲ, ಮಳೆ. ಬೇಕಾದದ್ದು ಕ್ಯಾಲೆಂಡರಲ್ಲ, ಪಾಳಿ.

ಎರಡನೆಯ ದಿನ ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ಅಕ್ಕ ನನ್ನ ಮುಂದೆ ಒಂದು ರೊಟ್ಟಿ ಇಟ್ಟು ನೇರವಾಗಿ ಕೇಳಿದರು.

“ಅಣ್ಣಾರ, ನಾ ಇದೆಲ್ಲಾ ನಿಮಗ ಹೇಳಿಕೊಟ್ಟೆ ಅಂದ್ರ ನನ್ನ ಕುರ್ಚಿ ಹೋಗ್ತೈತಿ. ಹೌದಲ್ರಿ?”

“ಹಂಗ ಆಗೂದಿಲ್ಲ ಅಂತ ನಾ ಹೇಳಲಾರೆ ಅಕ್ಕಾರ” ಅಂದೆ.

“ಪಗಾರದ ಮಾತ ಬಿಡ್ರಿ, ಹೆಂಗರ ಆಗ್ತೈತಿ. ಮನ್ಯಾಗ ನಾ ಇಂಥವರ ಹೇಣ್ತಿ, ಇಂಥವರ ಸೊಸಿ. ಈ ಗ್ವಾಡಿ ಮುಂದ ನಿಂತಾಗಷ್ಟ ಇಷ್ಟ ಮಂದಿ ಗಂಡಸರು ನನ್ನ ಮಾತ ಕೇಳ್ತಾರ. ನಿಂದು ನಾಳೆ ಅಂದ್ರ ನಾಳೆ.” ಬುತ್ತಿಯ ಅರಿವೆ ಮಡಚುತ್ತ ಅಂದರು: “ಮಂದಿ ಅನ್ನೂದು ಪೂರಾ ಸುಳ್ಳೂ ಅಲ್ರಿ. ಒಮ್ಮೆ ನನ್ನ ತಂಗಿ ಹೊಲಕ್ಕ ಪಾಳಿ ಬಿಟ್ಟ ಕಳಸೀನಿ. ಒಂದ ಸಲ. ಅದು ಇನ್ನೂ ನನಗ ಚುಚ್ಚತೈತಿ.”

ಇಷ್ಟು ಹೇಳಿ ಅವರು ಮುಂದಿನ ಎರಡು ದಿನ ನನಗೆ ಒಂದೊಂದೇ ಹೊಲ ಹೇಳಿ ಬರೆಸಿದರು. ಹೆಸರು, ಮಣ್ಣು, ದಾರಿ, ಎಷ್ಟು ದಿನಕ್ಕೆ ಹದ. ಒಂದನ್ನೂ ಬಚ್ಚಿಡಲಿಲ್ಲ. ಯಾಕೆ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ.

ಆಗಸ್ಟಿನಲ್ಲಿ ಕ್ಯಾಲೆಂಡರನ್ನು ಪೂರ್ತಿ ಕಿತ್ತೆಸೆದೆವು. ಎರಡು ತಿಂಗಳ ಕೋಡು. ಬರೆದವಳೇ ಕೂತು ಅಳಿಸಿದಳು, ಅಂದು ಮಾತ್ರ ಮೂರರ ಬಸ್ಸಿಗೇ ಊರಿಗೆ ಹೋದಳು. ಹೊಸ ಪರದೆ ಎಂದರೆ ಒಂದೇ ಪಟ್ಟಿ, ಅಕ್ಕನ ಗೋಡೆಯ ಹಾಗೆ. ಎಲ್ಲರ ಪಾಳಿ ಎಲ್ಲರಿಗೂ ಕಾಣುತ್ತದೆ. ಯಾರನ್ನಾದರೂ ದಾಟಿ ಮುಂದೆ ಹೋದರೆ ಕಾರಣ ಅಲ್ಲೇ ಬರುತ್ತದೆ: ಹಸಿ ಐತಿ, ಬೀಜ ಬಂದಿಲ್ಲ, ಇವತ್ತು ಬ್ಯಾಡ ಅಂದಾರ, ಫೋನ್ ಎತ್ತಲಿಲ್ಲ. ತಂಗಿಯ ಹೊಲಕ್ಕೆ ಕಳಿಸಿದರೆ ಅದೂ ಕಾಣುತ್ತದೆ. ಅಧ್ಯಕ್ಷರ ತಲೆನೋವಿಗೆ ಇದು ಮದ್ದು. ಹನ್ನೊಂದು ಫೋಟೋಗಳನ್ನು ಕೊನೆಯ ಪುಟಕ್ಕೆ ಸಾಗಿಸಿದೆ. ಯಾರೂ ಅಲ್ಲಿಯವರೆಗೆ ಹೋಗದ್ದರಿಂದ ಯಾರಿಗೂ ತಿಳಿಯಲಿಲ್ಲ.

ಉಳಿದದ್ದು ಒಂದೇ ಪ್ರಶ್ನೆ. ಅಕ್ಕ ಬರೆಸಿದ ಮಾಹಿತಿ ನಮ್ಮಲ್ಲಿತ್ತು. ಮಳೆ ಬಿದ್ದ ದಿನ ಹಾಕಿದರೆ ಯಾವ ಹೊಲ ಯಾವತ್ತು ಹದಕ್ಕೆ ಬರುತ್ತದೆ ಎಂದು ಆ್ಯಪ್ಪೇ ಲೆಕ್ಕ ಹಾಕಬಹುದು. ಮಂಡಳಿ ಕೇಳಿದ್ದ ‘ತಾನ ತಾನ’ ಅಂದರೆ ಇದೇ. ಕೋಡ್ ಬರೆಯುವಾಕೆ ಅದನ್ನು ಬರೆದೂ ಇಟ್ಟಿದ್ದಳು. ಪರೀಕ್ಷೆಗೆ ಜೂನಿನ ಮಳೆಯ ದಿನವನ್ನೇ ಕೊಟ್ಟು, ಅಕ್ಕ ಆಗ ನಿಜವಾಗಿ ಕಳಿಸಿದ್ದ ಪಾಳಿಗೆ ಹೋಲಿಸಿ ನೋಡಿದೆವು. ಬಹಳಷ್ಟು ಕೂಡಿಬಂತು. ಆರು ಹೊಲಗಳು ತಪ್ಪಿದವು. ಅಕ್ಕನಿಗೆ ಫೋನ್ ಮಾಡಿ ಕೇಳಿದೆ. ಒಂದು ಹೊಲಕ್ಕೆ ಮೇಲಿನವರ ಒಡ್ಡು ಒಡೆದು ನೀರು ನುಗ್ಗಿತ್ತು. ಎರಡಕ್ಕೆ ಆ ಸಂಜೆ ಮಳೆಯೇ ಬಿದ್ದಿರಲಿಲ್ಲ, ಹಳ್ಳದ ಆಚೆಗೇ ನಿಂತಿತ್ತು. ಒಬ್ಬರು ಮುಂಚೆಯೇ ಗೊಬ್ಬರ ಹಾಕಿ ಹರಗಿದ್ದರಿಂದ ಬೇಗ ಆರಿತ್ತು. ಉಳಿದ ಎರಡರ ಕಾರಣ ಅವರಿಗೂ ನೆನಪಿರಲಿಲ್ಲ. “ಫೋನ್ ಮಾಡಿ ಕೇಳಿದ್ದೆ, ಮಣ್ಣ ಹತ್ತತೈತಿ ಅಂದ್ರು, ಬಿಟ್ಟೆ” ಅಂದರು.

ಆರು ತಪ್ಪು ಎಂದರೆ ಆರು ಸಲ ಟ್ರ್ಯಾಕ್ಟರ್ ಕೆಸರಿನಲ್ಲಿ ಹುಗಿಯುವುದು, ಇಲ್ಲವೇ ಸುಮ್ಮನೆ ಹೋಗಿ ಬರುವುದು, ಇಲ್ಲವೇ ಹದ ಮೀರುವುದು. ಲೆಕ್ಕದ ಮೇಲೆ ತಾನೇ ಪಾಳಿ ಹಚ್ಚುವ ಭಾಗವನ್ನು ನಾನು ತೆಗೆಸಿದೆ. ಆ್ಯಪ್ ಸಲಹೆ ಕೊಡುತ್ತದೆ, ಆದರೆ ಮನುಷ್ಯರೊಬ್ಬರು ಹೊಲದವರನ್ನು ಕೇಳಿ ‘ಹದ ಐತಿ’ ಎಂಬ ಗುಂಡಿ ಒತ್ತಿದ ಮೇಲೇ ಪಾಳಿ ಮುಂದಕ್ಕೆ ಹೋಗುತ್ತದೆ. ಇದು ಕೆಲಸದ ದೃಷ್ಟಿಯಿಂದ ಮಾಡಿದ್ದೋ, ಆ ರೊಟ್ಟಿಯ ಋಣಕ್ಕೋ ಎಂದು ನನ್ನನ್ನು ನಾನೇ ಕೇಳಿಕೊಂಡೆ. ಎರಡೂ ಇರಬಹುದು.

ಸೆಪ್ಟೆಂಬರಿನಲ್ಲಿ ಮಂಡಳಿಯ ಮುಂದೆ ಇದನ್ನು ಹೇಳಿದೆ. “ಇದನ್ನ ನಡಸಾಕ ಒಬ್ಬರು ಬೇಕ ಬೇಕ್ರಿ. ತಾನ ತಾನ ನಡಿಯೂ ಕೆಲಸ ಅಲ್ಲ ಇದು.” ಬಹಳ ಹೊತ್ತು ಜಗ್ಗಾಡಿದ ಮೇಲೆ ಒಪ್ಪಿದರು. ನಾನು ಉಸಿರು ಬಿಡುವಷ್ಟರಲ್ಲಿ ಅಧ್ಯಕ್ಷರು ಅಂದರು:

“ಒಬ್ಬರು ಬೇಕಂದ್ರ ನಮ್ಮ ಅಳಿಯಾರು ಅದಾರಲ್ರಿ. ಹುಬ್ಬಳ್ಯಾಗ ಕಂಪ್ಯೂಟರ್ ಕಲತಾರ. ಅಕ್ಕಾರಿಗೆ ಶಾಲು ಹೊಚ್ಚಿ, ಮಾಲಿ ಹಾಕಿ ಬೀಳ್ಕೊಡೂಣು.”

ನಾನು ಬಾಯಿ ತೆರೆದೆ. ನೀವು ಡಿಸೈನ್ ಮಾಡುವವರು, ಊರಿನ ಮಾತು ನಿಮಗ್ಯಾಕೆ ಅನ್ನುವ ಹಾಗೆ ಎಲ್ಲರೂ ನನ್ನನ್ನು ನೋಡಿದರು. ಬಾಯಿ ಮುಚ್ಚಿದೆ. ಹೊಳೆ ದಾಟಿಸುವವರೆಗೆ ಅಂಬಿಗ, ದಾಟಿದ ಮೇಲೆ ಅವನ ಹಂಗೇನು. ಅಕ್ಕನನ್ನು ಬಿಟ್ಟು ದಾಟಬಹುದಾದ ದೋಣಿ ಕಟ್ಟಿಕೊಟ್ಟವನು ನಾನೇ ಆಗಿದ್ದೆ. ಸಿಟ್ಟು ಬಂತು, ಅದು ಅವರ ಮೇಲೆ ಅರ್ಧ, ನನ್ನ ಮೇಲೆ ಅರ್ಧ.

ಉದ್ಘಾಟನೆಯ ದಿನ ಆಫೀಸಿಗೆ ಹೋದರೆ ಗೋಡೆಗೆ ಬಿಳಿ ಸುಣ್ಣ ಹೊಡೆದಿದ್ದರು. ನಡುವೆ ದೊಡ್ಡ ಟೀವಿ, ಅದರಲ್ಲಿ ನಮ್ಮ ಪಟ್ಟಿ. ಅಕ್ಕನಿಗೆ ಶಾಲು ಹೊದಿಸಿದರು. ಅವರು ಕೈಮುಗಿದರು. ಹೊರಡುವಾಗ ಗೋಡೆಯನ್ನು ಒಮ್ಮೆ ಮುಟ್ಟಿ, ಬೆರಳಿಗೆ ಹತ್ತಿದ ಸುಣ್ಣವನ್ನು ಸೆರಗಿಗೆ ಒರೆಸಿಕೊಂಡರು. ನಾನು ಕೆಲಸ ಮುಗಿಸಿ ಒಪ್ಪಿಸುವ ಕಾಗದ ಮುಂದಿಟ್ಟೆ. ಅದರಲ್ಲಿ ಎಲ್ಲ ಇತ್ತು: ಗುಂಡಿ ಒತ್ತುವವರು ಅಧ್ಯಕ್ಷರ ಅಳಿಯಂದಿರು, ಖಾತೆಯ ಮಾಲೀಕರ ನಂಬರು ಮೊದಲಿನದೇ. ಅಧ್ಯಕ್ಷರು ಓದದೆ ಸಹಿ ಹಾಕಿದರು. ನಾನೂ ಎತ್ತಿ ಹೇಳಲಿಲ್ಲ. ಆ ಹೊತ್ತಿಗೆ ನನಗೆ ಮನೆಗೆ ಹೋಗಿ ಮಲಗಿದರೆ ಸಾಕಾಗಿತ್ತು.

ಅಕ್ಟೋಬರಿನಲ್ಲಿ ಹಿಂಗಾರಿ ಮಳೆ ಬಂತು. ಕಡಲೆ, ಜೋಳ ಬಿತ್ತಲು ಇನ್ನೂರು ಮಂದಿ ಪಾಳಿಯಲ್ಲಿ ನಿಂತರು. ಆರನೆಯ ದಿನ ಮುಂಜಾನೆ ಅಧ್ಯಕ್ಷರ ಫೋನ್. “ಎರಡ ಟ್ರ್ಯಾಕ್ಟರ್ ಎರಿಯಾಗ ಹುಗದ ನಿಂತಾವ. ಈಗಿಂದೀಗ ಬರ್ರಿ.” ಕೋಡ್ ಬರೆಯುವಾಕೆಯನ್ನೂ ಕರೆದುಕೊಂಡು ಹೋದೆ.

ಆದದ್ದು ಇಷ್ಟು. ಅಳಿಯಂದಿರು ಯಾರಿಗೂ ಫೋನ್ ಮಾಡಿರಲಿಲ್ಲ. ಆ್ಯಪ್ ಕೊಟ್ಟ ಸಲಹೆಯನ್ನು ನೋಡಿ ಕೂತಲ್ಲೇ ‘ಹದ ಐತಿ’, ‘ಹದ ಐತಿ’ ಎಂದು ಒತ್ತಿದ್ದರು. ಟ್ರ್ಯಾಕ್ಟರ್ ಸಿಕ್ಕಿಬಿದ್ದ ಮೇಲೆ ಮಂದಿ ಆ್ಯಪ್ಪಿನಲ್ಲಿದ್ದ ನಂಬರಿಗೆ ಫೋನ್ ಮಾಡಿದರು. ಅದು ಹೋದದ್ದು ಅಕ್ಕನ ಮನೆಗೆ. ಎರಡು ದಿನದಿಂದ ಅಕ್ಕ ಒಲೆಯ ಮುಂದೆ ಕೂತೇ ಎಲ್ಲರ ಫೋನ್ ಎತ್ತಿ, ಯಾರ ಹೊಲ ಹದ, ಯಾರದು ಹಸಿ ಎಂದು ಹೇಳುತ್ತಿದ್ದರು. ಉಳಿದ ಒಂದೇ ಟ್ರ್ಯಾಕ್ಟರ್ ಅವರ ಮಾತಿನಂತೆ ಓಡಾಡುತ್ತಿತ್ತು. ಡ್ರೈವರ್ ಟೀವಿಯ ಪಟ್ಟಿ ನೋಡುವುದನ್ನೇ ಬಿಟ್ಟಿದ್ದ.

ಆಫೀಸಿನಲ್ಲಿ ಎಂಟು ಹತ್ತು ಮಂದಿ ರೈತರು ನಿಂತಿದ್ದರು. ಕುರ್ಚಿಯಲ್ಲಿ ಅಳಿಯಂದಿರು ಬೆವರುತ್ತ ಕೂತಿದ್ದರು. ಅಧ್ಯಕ್ಷರ ಮುಖ ಕೆಂಪಾಗಿತ್ತು.

“ಆ ನಂಬರ್ ತಗದ ನಮ್ಮ ಅಳಿಯಾರ್ದ ಹಾಕ್ರಿ. ಆಗ ಎಲ್ಲಾ ಫೋನ್ ಇಲ್ಲೇ ಬರ್ತಾವ. ಇಲ್ಲಿಂದ ನಡಸ್ತೀವಿ.”

ಆಕೆ ಲ್ಯಾಪ್‌ಟಾಪ್ ತೆರೆದಳು. ಮಾಲೀಕರ ನಂಬರು ಬದಲಿಸಲು ಹೋದರೆ ಹಳೆಯ ನಂಬರಿಗೆ ಆರು ಅಂಕಿಯ ಒಟಿಪಿ ಹೋಗುತ್ತದೆ, ಅದನ್ನು ಹಾಕಿದರೇ ಬದಲಾವಣೆ. ಬೇಕಂತ ಮಾಡಿದ್ದಲ್ಲ, ಎಲ್ಲ ಕಡೆಯೂ ಹೀಗೇ ಇಡುತ್ತೇವೆ. ಅದನ್ನು ಅಧ್ಯಕ್ಷರಿಗೆ ಹೇಳಿದೆ.

“ಒಟಿಪಿ ಇಲ್ಲದ ಆಗೂದಿಲ್ಲೇನ್ರಿ? ಕಟ್ಟಿದವರ ನೀವಲ್ಲ?”

ಆಕೆ ಟೈಪ್ ಮಾಡುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು. ಆಗುತ್ತಿತ್ತು. ಹಿಂಬಾಗಿಲಿನಿಂದ ಹೋಗಿ ಒಂದು ಸಾಲು ತಿದ್ದಿದರೆ ಎರಡು ನಿಮಿಷದ ಕೆಲಸ. ಇಷ್ಟು ವರ್ಷ ಕೆಲಸ ಕೊಟ್ಟವರಿಗೆ ನಾನು ತಡ ಮಾಡಿದ್ದೇನೆ, ನೆಪ ಹೇಳಿದ್ದೇನೆ, ಆಗುವುದನ್ನು ಆಗುವುದಿಲ್ಲ ಎಂದು ಮಾತ್ರ ಹೇಳಿರಲಿಲ್ಲ.

“ಆಗೂದಿಲ್ರಿ” ಅಂದೆ.

ಆಕೆ ತಲೆ ತಗ್ಗಿಸಿ ಒಟಿಪಿ ಕಳಿಸುವ ಗುಂಡಿ ಒತ್ತಿದಳು.

ಅಧ್ಯಕ್ಷರು ತಮ್ಮ ಫೋನಿನಿಂದ ಅಕ್ಕನಿಗೆ ಹಚ್ಚಿದರು. ಎಲ್ಲರಿಗೂ ಕೇಳಲಿ ಎಂದು ಸ್ಪೀಕರ್ ಮೇಲೆ ಹಾಕಿದರು.

“ಅಕ್ಕಾರ, ನಿಮ್ಮ ಫೋನಿಗೆ ಆರ ಅಂಕಿ ಬಂದಾವೇನ ನೋಡ್ರಿ.”

“ಬಂದಾವ್ರಿ ಅಧ್ಯಕ್ಷರ.”

“ಸ್ವಲ್ಪ ಹೇಳ್ರಲ್ಲ.”

ಆ ಕಡೆ ರೊಟ್ಟಿ ಬಡಿಯುವ ಸಪ್ಪಳ ನಿಂತಿತು.

“ಫೋನಿನಾಗ ಯಾರಿಗೂ ಹೇಳಬ್ಯಾಡ್ರಿ ಅಂತ ಇದರಾಗ ಬರದೈತ್ರಿ. ಆಫೀಸಿಗೆ ಬರ್ತೀನಿ. ನನ್ನ ಕುರ್ಚ್ಯಾಗ ಕುಂತ ಹೇಳ್ತೀನಿ.”

ರೈತರಲ್ಲಿ ಯಾರೋ ಒಬ್ಬರು ನಕ್ಕರು. ಅಧ್ಯಕ್ಷರು ತಿರುಗಿ ನೋಡಿದರು, ನಗು ನಿಲ್ಲಲಿಲ್ಲ. ಅವರ ಮುಂದೆ ನಿಂತಿದ್ದವರೆಲ್ಲ ಹದ ಮೀರುತ್ತಿದ್ದ ಹೊಲಗಳ ಮಂದಿ. ಯಾರೂ ಅಧ್ಯಕ್ಷರ ಪರ ಇದ್ದಂತೆ ಕಾಣಲಿಲ್ಲ.

ಅಕ್ಕ ಬರಲು ಇಪ್ಪತ್ತು ನಿಮಿಷ ಹಿಡಿಯಿತು. ಕೈಗೆ ಹತ್ತಿದ ಹಿಟ್ಟನ್ನು ಸರಿಯಾಗಿ ತೊಳೆದುಕೊಂಡೂ ಇರಲಿಲ್ಲ. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದರು. ಯಾರೂ ಹೇಳಲಿಲ್ಲ, ಅಳಿಯಂದಿರು ತಾವಾಗಿಯೇ ಎದ್ದರು, ಎದ್ದಾಗ ಅವರಿಗೂ ಹಗುರಾದ ಹಾಗೆ ಕಂಡಿತು. ಅಕ್ಕ ಕೂತರು. ಫೋನ್ ತೆಗೆದು ಒಂದೊಂದೇ ಅಂಕಿ ಓದಿದರು. ಆಕೆ ಒಂದೊಂದೇ ಒತ್ತಿದಳು.

“ಹತ್ತ ನಿಮಿಷ ದಾಟೇತ್ರಿ” ಎಂದಳು ಆಕೆ. “ಅವಧಿ ಮುಗದೈತಿ. ಹೊಸಾದು ಕಳಸಬೇಕೇನ್ರಿ?”

ಪ್ರಶ್ನೆ ಅಧ್ಯಕ್ಷರಿಗಿತ್ತು. ಅವರು ಟೀವಿಯ ಪಟ್ಟಿಯನ್ನು ನೋಡಿದರು, ಬಾಗಿಲಲ್ಲಿ ನಿಂತವರನ್ನು ನೋಡಿದರು. ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡು ಮತ್ತೆ ಹಾಕಿಕೊಂಡರು. ಕಳಿಸಿರಿ ಎನ್ನಲಿಲ್ಲ.

ಅಷ್ಟರಲ್ಲಿ ಅಕ್ಕನ ಫೋನ್ ಬಡಿದುಕೊಂಡಿತು. ಅವರು ಒಂದು ಕೈಯಲ್ಲಿ ಅದನ್ನು ಕಿವಿಗಿಟ್ಟುಕೊಂಡು, ಇನ್ನೊಂದು ಕೈಯ ಬೆರಳನ್ನು ನಮ್ಮ ಪಟ್ಟಿಯ ಮೇಲೆ ಇಟ್ಟರು.

“ಹಲೋ, ಕಾಕಾರ, ನಿಮ್ಮ ಹೊಲದಾಗ ಕಾಲಿಟ್ರ ಮಣ್ಣ ಹತ್ತತೈತೇನ್ರಿ?”